ಪೇಗನ್, ವಿಕ್ಕಾ, ಸೌವಿನ್: ಈ ಪದಗಳು ಯಾರ ಬಾಯಿಂದ ಬಂದವು?

ಪ್ರಶ್ನೆ: ಬ್ರಿಟನ್ನಿನ ಇಂದಿನ ಪೇಗನ್ ಪಂಥಗಳ ಕುರಿತ ಇಂಗ್ಲಿಷ್ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪುಟಕ್ಕೆ ಹತ್ತು ಕಡೆ ಲೇಖನಿ ನಿಲ್ಲುತ್ತಿದೆ. ‘ಪೇಗನ್’ಗೆ ‘ವಿಗ್ರಹಾರಾಧಕ’, ‘ವಿಚ್’ಗೆ ‘ಮಾಟಗಾತಿ’ ಎಂದು ಬರೆದರೆ ಸರಿಯೇ? ಕವೆನ್, ಸ್ಯಾಬಟ್, ಅಥಾಮೆ, ಸೌವಿನ್, ಸ್ಕೈಕ್ಲಾಡ್, ಡಿಯೋಸಿಲ್ ಇವುಗಳ ಮೂಲವೇನು? ಇವೆಲ್ಲ ಕ್ರೈಸ್ತಧರ್ಮಕ್ಕಿಂತ ಹಿಂದಿನಿಂದ ನಡೆದುಬಂದ ಪದಗಳೇ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳೋಣ. ಅದರ ಗಂಟು ಬಿಚ್ಚಿದರೆ ಉಳಿದವು ತಾವಾಗಿ ಸಡಿಲವಾಗುತ್ತವೆ. ಇಲ್ಲ, ಇವು ಅಂದಿನಿಂದ ಇಂದಿನವರೆಗೆ ಮುರಿಯದೆ ಬಂದ ಪದಗಳಲ್ಲ. ಕೆಲವು ಪದಗಳು ಸಾವಿರ ವರ್ಷ ಹಳೆಯವು, ಆದರೆ ಈಗಿನ ಅರ್ಥಕ್ಕೆ ನೂರು ವರ್ಷವೂ ತುಂಬಿಲ್ಲ. ಒಂದೆರಡನ್ನು 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಬ್ಬರೇ ಕೂತು ಆರಿಸಿದರು. ಇನ್ನು ಕೆಲವು ಭಾರತದಿಂದ ಹೋದವು. ಅದಕ್ಕೇ ‘ಈ ಪದ ಎಷ್ಟು ಹಳೆಯದು’ ಎಂದು ಕೇಳಿಕೊಂಡರೆ ಅನುವಾದಕ್ಕೆ ಏನೂ ಸಿಗುವುದಿಲ್ಲ. ಮೊದಲು ಇದನ್ನು ಯಾರು ಯಾರ ಮೇಲೆ ಬಳಸಿದರು, ಈಗಿನ ಅರ್ಥವನ್ನು ಯಾರು ಯಾವಾಗ ಕೊಟ್ಟರು, ನಿಮ್ಮ ಮುಂದಿರುವ ವಾಕ್ಯದಲ್ಲಿ ಅದು ಯಾರ ಬಾಯಲ್ಲಿದೆ, ಇದನ್ನು ಕೇಳಿಕೊಳ್ಳಿ. ಈ ಕ್ಷೇತ್ರದ ಅರ್ಧದಷ್ಟು ಪದಗಳು ಮೊದಲು ವಿರೋಧಿಗಳು ಎಸೆದ ಕಲ್ಲುಗಳು; ಏಟು ತಿಂದವರ ಹೆಸರಿನಲ್ಲಿ ನಿಂತವರು ಅವನ್ನೇ ಎತ್ತಿ ಮನೆ ಕಟ್ಟಿಕೊಂಡಿದ್ದಾರೆ.

‘ಪೇಗನ್’ ಎಂಬುದೇ ಅಂಥ ಕಲ್ಲು. ಲ್ಯಾಟಿನ್ನಿನಲ್ಲಿ ‘ಪಾಗುಸ್’ ಎಂದರೆ ಹಳ್ಳಿಗಾಡಿನ ಒಂದು ಸೀಮೆ, ನಮ್ಮ ಹೋಬಳಿಯಂಥದು. ‘ಪಾಗಾನುಸ್’ ಎಂದರೆ ಆ ಸೀಮೆಯವನು. ರೋಮಿನ ಸೈನಿಕರು ಸೈನ್ಯಕ್ಕೆ ಸೇರದ ಸಾಮಾನ್ಯನನ್ನೂ ತುಸು ತಾತ್ಸಾರದಿಂದ ಹೀಗೆ ಕರೆಯುತ್ತಿದ್ದರು. 4ನೆಯ ಶತಮಾನದಲ್ಲಿ ಲ್ಯಾಟಿನ್ ಆಡುವ ಕ್ರೈಸ್ತರು ತಮ್ಮವರಲ್ಲದವರಿಗೆ ಈ ಪದ ಹಚ್ಚಿದರು. ಹಳ್ಳಿಗರು ಹಳೆಯ ದೇವರನ್ನು ಬಿಡಲಿಲ್ಲವೆಂದೋ, ಕ್ರಿಸ್ತನ ಸೈನ್ಯಕ್ಕೆ ಸೇರದವರೆಂದೋ ಎಂಬುದರಲ್ಲಿ ವಿದ್ವಾಂಸರಿಗೆ ಎರಡು ಮತ. ಕನ್ನಡದ ಕಿವಿಗೆ ಈ ಜಾರುವಿಕೆ ಹೊಸದಲ್ಲ: ನಮ್ಮಲ್ಲೂ ‘ಗ್ರಾಮ’ದಿಂದ ‘ಗ್ರಾಮ್ಯ’, ‘ಗಮಾರ’ ಹುಟ್ಟಿ, ಊರಿನ ಹೆಸರು ಬೈಗುಳವಾಗಿದೆ. ಜ್ಯೂಪಿಟರನಿಗೆ ಧೂಪ ಹಾಕುತ್ತಿದ್ದವರಾರೂ ತಮ್ಮನ್ನು ಪೇಗನ್ ಎಂದುಕೊಂಡಿರಲಿಲ್ಲ. ತಾವು ಪೇಗನ್ ಎಂದು ಹೆಮ್ಮೆಯಿಂದ ಹೇಳುವವರು ಬಹುಪಾಲು 20ನೆಯ ಶತಮಾನದವರು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 74,000 ಮಂದಿ ಧರ್ಮದ ಅಂಕಣದಲ್ಲಿ ‘ಪೇಗನ್’ ಎಂದೂ, ಸುಮಾರು 13,000 ಮಂದಿ ‘ವಿಕ್ಕಾ’ (ತಮ್ಮನ್ನು ‘ವಿಚ್’ ಎಂದು ಕರೆದುಕೊಳ್ಳುವವರ ಹೊಸ ಪೇಗನ್ ಪಂಥ) ಎಂದೂ ಬರೆದಿದ್ದಾರೆ.

ಹಾಗಾಗಿ ‘ವಿಗ್ರಹಾರಾಧಕ’ ಬೇಡ. ಕನ್ನಡ ಬೈಬಲ್ ಓದುವವರಿಗೆ ಅದು ನೇರವಾಗಿ ನಿಂದೆಯ ಪದ. ಅದಲ್ಲದೆ, ಇಂದಿನ ಪೇಗನ್ನರಲ್ಲಿ ಮೂರ್ತಿಯನ್ನೇ ಇಡದವರು ಬಹಳ ಮಂದಿ. ಮರ, ಕಲ್ಲು, ಬೆಂಕಿ, ಋತುಗಳ ಮುಂದೆ ನಿಲ್ಲುವವರು ಅವರು. ಇಂಗ್ಲಿಷಿನಲ್ಲಿ ಇನ್ನೊಂದು ಅನುಕೂಲವಿದೆ: ಪ್ರಾಚೀನರನ್ನೋ ‘ಕ್ರೈಸ್ತರಲ್ಲದವರು’ ಎಂಬ ಸಡಿಲ ಅರ್ಥವನ್ನೋ ಸೂಚಿಸುವಾಗ ಸಣ್ಣ ಅಕ್ಷರ, ಇಂದಿನ ಧರ್ಮದ ಹೆಸರಾಗಿ ದೊಡ್ಡ ಅಕ್ಷರ. ನಮ್ಮ ಲಿಪಿಯಲ್ಲಿ ಆ ಭೇದ ಕಾಣುವುದಿಲ್ಲ, ಪದದಲ್ಲೇ ಕಾಣಿಸಬೇಕು. ಹಳೆಯ ಚರ್ಚ್ ಬರಹದಲ್ಲಿ ಬಂದರೆ ‘ಅನ್ಯಧರ್ಮೀಯರು’, ಪ್ರಾಚೀನ ರೋಮನ್ನರ ಬಗ್ಗೆಯಾದರೆ ‘ಕ್ರೈಸ್ತಪೂರ್ವ ಧರ್ಮದವರು’, ಇಂದಿನವರು ತಮ್ಮನ್ನು ಕರೆದುಕೊಳ್ಳುವಾಗ ‘ಪೇಗನ್ನರು’. ಮೂಲದಲ್ಲಿ ಒಂದೇ ಪದ ಇದೆಯೆಂದು ಕನ್ನಡದಲ್ಲೂ ಒಂದೇ ಇರಬೇಕಿಲ್ಲ.

ಇಲ್ಲೊಂದು ಎಚ್ಚರಿಕೆ. ನಮ್ಮ ಗ್ರಾಮದೇವತೆಯ ಜಾತ್ರೆಯನ್ನೋ ತುಳುನಾಡಿನ ಭೂತಾರಾಧನೆಯನ್ನೋ ‘ಭಾರತದ ಪೇಗನಿಸಂ’ ಎಂದು ವಿವರಿಸುವ ಆಸೆ ಅನುವಾದಕರಿಗೆ ಬರುವುದುಂಟು. ದಯವಿಟ್ಟು ಬೇಡ. ನೇಮ, ಕೋಲಗಳು ತಲೆಮಾರಿನಿಂದ ತಲೆಮಾರಿಗೆ ಕಟ್ಟು ಮುರಿಯದೆ ಬಂದ ಆಚರಣೆಗಳು. ಯುರೋಪಿನ ಇಂದಿನ ಪೇಗನ್ ಪಂಥಗಳು ಕಟ್ಟು ಮುರಿದ ಮೇಲೆ ಹಳೆಯ ಗ್ರಂಥ, ಉತ್ಖನನ, ಜಾನಪದ ಮತ್ತು ಕಲ್ಪನೆಯ ನೆರವಿನಿಂದ ಮತ್ತೆ ಕಟ್ಟಿದವು. ಎರಡಕ್ಕೂ ಅದರದರ ಗೌರವವಿದೆ, ಆದರೆ ಸಂಗತಿ ಒಂದೇ ಅಲ್ಲ. ಮೇಲಾಗಿ ಇಂಥ ಹಣೆಪಟ್ಟಿಗಳ ನೋವನ್ನು ನಮ್ಮ ನಾಡು ಉಂಡಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಜರ್ಮನ್ ಪತ್ರಿಕೆಯ ಹೆಸರು ‘ಹೈಡನ್‌ಬೋಟೆ’. ಅದರಲ್ಲಿನ ‘ಹೈಡನ್’ ಎಂದರೆ ಇಂಗ್ಲಿಷಿನ ‘ಹೀದನ್’, ಎಂದರೆ ನಾವು. ಭೂತಾರಾಧನೆಯ ಪಾಡ್ದನಗಳು ಇಂಗ್ಲಿಷಿನಲ್ಲಿ ಅಚ್ಚಾದದ್ದೂ ‘ಡೆವಿಲ್ ವರ್ಷಿಪ್’ ಎಂಬ ತಲೆಬರಹದಡಿಯಲ್ಲಿ. ಆ ಬರಹಗಳಿಂದ ಇಂದಿಗೂ ಉಪಯೋಗವಿದೆ, ಹಣೆಪಟ್ಟಿ ಮಾತ್ರ ತಪ್ಪು.

‘ಹೀದನ್’ ಜರ್ಮಾನಿಕ್ ಭಾಷೆಗಳ ಪದ. 4ನೆಯ ಶತಮಾನದ ಗಾಥಿಕ್ ಬೈಬಲ್ಲಿನಲ್ಲಿ ಯೆಹೂದ್ಯಳಲ್ಲದ ಹೆಂಗಸೊಬ್ಬಳನ್ನು ಇದೇ ಬೇರಿನ ಪದದಿಂದ ಕರೆದಿದೆ. ಪಾಳು ಬಯಲು ಎಂಬರ್ಥದ ‘ಹೀತ್’ ಇಂದ ಬಂದಿರಬಹುದು ಎಂಬುದು ಬಹುಮಂದಿಯ ಊಹೆ. ಇಂದು ನಾರ್ಸ್ (ಹಳೆಯ ಸ್ಕ್ಯಾಂಡಿನೇವಿಯಾದ) ಮತ್ತು ಆಂಗ್ಲೋ-ಸ್ಯಾಕ್ಸನ್ ದೇವತೆಗಳನ್ನು ಪೂಜಿಸುವವರು ‘ಪೇಗನ್’ ಲ್ಯಾಟಿನ್ ಪದವಾಯಿತೆಂದು ಇದನ್ನೇ ಆರಿಸಿಕೊಳ್ಳುತ್ತಾರೆ. ಅವರನ್ನು ‘ಹೀದನ್ ಪಂಥದವರು’ ಎನ್ನಿ.

ಇನ್ನು ‘ವಿಚ್’ ಮತ್ತು ‘ವಿಕ್ಕಾ’. ಹಳೆಯ ಇಂಗ್ಲಿಷಿನಲ್ಲಿ ಮಾಟ ಮಾಡುವ ಗಂಡಸು ‘ವಿಚ್ಚ’, ಹೆಂಗಸು ‘ವಿಚ್ಚೆ’. ಬರಹದಲ್ಲಿ ಎರಡು ‘ಸಿ’ ಇದ್ದರೂ ಉಚ್ಚಾರ ‘ಚ್ಚ’ವೇ. ಸುಮಾರು 890ರ ಆಲ್ಫ್ರೆಡ್ ದೊರೆಯ ಕಾನೂನಿನಲ್ಲಿ ಈ ಪದವಿದೆ, ಅದೂ ಮರಣದಂಡನೆಯ ಮಾತಿನ ಜೊತೆಗೆ. ಇಂದಿನ ‘ವಿಚ್’ ಇದರಿಂದ ಬಂತು. ಇದಕ್ಕೂ ‘ವೈಸ್’, ಅಂದರೆ ಜ್ಞಾನಿ ಎಂಬ ಪದಕ್ಕೂ ಸಂಬಂಧವಿದೆಯೆಂದು ಜನಪ್ರಿಯ ಪುಸ್ತಕಗಳು ಹೇಳುತ್ತವೆ. ಅದು ಧ್ವನಿಯ ಹೋಲಿಕೆಯಷ್ಟೆ. ಆ ವಿವರಣೆಯನ್ನು ಹರಡಿದವರು ಜೆರಾಲ್ಡ್ ಗಾರ್ಡ್ನರ್ (1884–1964). ಮಲಯದಲ್ಲಿ ಸುಂಕದ ಇಲಾಖೆಯಲ್ಲಿದ್ದು 1936ರಲ್ಲಿ ನಿವೃತ್ತರಾದ ಈ ಇಂಗ್ಲಿಷರು, 1954ರ ತಮ್ಮ ಪುಸ್ತಕದಲ್ಲಿ ಇಂಗ್ಲೆಂಡಿನಲ್ಲಿ ಉಳಿದುಕೊಂಡ ಗುಪ್ತ ಪಂಥವೊಂದರ ಸದಸ್ಯರು ತಮ್ಮನ್ನು ‘ವಿಕ, ಎಂದರೆ ಜ್ಞಾನಿಗಳು’ ಎಂದು ಕರೆದುಕೊಳ್ಳುತ್ತಾರೆ ಎಂದು ಬರೆದರು. 1735ರ ವಿಚ್‌ಕ್ರಾಫ್ಟ್ ಕಾಯಿದೆ 1951ರಲ್ಲಿ ರದ್ದಾಗಿತ್ತು, ಹಾಗಾಗಿ ಬಹಿರಂಗವಾಗಿ ಬರೆಯಲು ಅಡ್ಡಿಯಿರಲಿಲ್ಲ. ಎರಡು ‘ಸಿ’ಗಳ ‘ವಿಕ್ಕಾ’, ಓದಿದಂತೆ ‘ಕ್ಕಾ’ ಎನ್ನುವ ಉಚ್ಚಾರ, ಒಂದು ಧರ್ಮದ ಹೆಸರು ಎಂಬ ಅರ್ಥ, ಇವು 1960ರ ದಶಕದಲ್ಲಿ ನೆಲೆಯಾದವು. ಒಂದು ಕಾಲಕ್ಕೆ ಗಂಡು ಮಾಂತ್ರಿಕನ ಹೆಸರಾಗಿದ್ದ ಪದ ಈಗ ದೇವಿಯನ್ನು ಮುಂದಿಟ್ಟ ಧರ್ಮದ ಹೆಸರು.

‘ಮಾಟಗಾತಿ’ ಎಂದು ಬರೆಯುವ ಮುನ್ನ ವಾಕ್ಯ ಯಾರದು ನೋಡಿ. 17ನೆಯ ಶತಮಾನದ ನ್ಯಾಯಾಧೀಶ ಆರೋಪಿಸುತ್ತಿದ್ದರೆ ‘ಮಾಟಗಾತಿ’ ಸರಿಯಾಗಿಯೇ ಇದೆ, ಆ ಪದದ ಕ್ರೌರ್ಯವೂ ಅಲ್ಲಿ ಬೇಕು. ಲಂಡನ್ನಿನ ದಾದಿಯೊಬ್ಬರು ‘ನಾನು ವಿಚ್’ ಎಂದರೆ ‘ನಾನು ಮಾಟಗಾತಿ’ ಎಂದು ತರುವುದು ಅನ್ಯಾಯ. ಕನ್ನಡದಲ್ಲಿ ಮಾಟ ಎಂದರೆ ಇನ್ನೊಬ್ಬರಿಗೆ ಕೇಡು ಬಗೆಯುವುದು. ವಿಕ್ಕಾದ ಮೂಲ ಹಿತನುಡಿಯೇ ಯಾರಿಗೂ ಕೇಡಾಗಬಾರದು ಎಂಬುದು. ಇನ್ನೊಂದು ತೊಡಕು ‘-ಗಾತಿ’ ಹೆಣ್ಣಿಗೆ ಮಾತ್ರ ಸಲ್ಲುತ್ತದೆ; ವಿಕ್ಕಾದಲ್ಲಿ ಗಂಡಸರೂ ‘ವಿಚ್’ಗಳೇ. ಅಲ್ಲಿಗೆ ‘ವಾರ್‌ಲಾಕ್’ ಪದ ತಂದು ಹಾಕಬೇಡಿ. ಅದು ಹಳೆಯ ಇಂಗ್ಲಿಷಿನ ‘ವೇರ್‌ಲೋಗ’, ಎಂದರೆ ಕೊಟ್ಟ ಮಾತಿಗೆ ತಪ್ಪಿದವನು. ಬಹುಪಾಲು ವಿಕ್ಕನ್ನರು ಅದನ್ನು ಬೈಗುಳವೆಂದೇ ಎಣಿಸುತ್ತಾರೆ. (ನಮ್ಮ ‘ಮಾಟ’ಕ್ಕೂ ಒಂದು ಚೆಂದದ ಮುಖವಿದೆ: ‘ಮಾಡು’ ಇಂದ ಬಂದ ಈ ಪದಕ್ಕೆ ಮಾಡಿದ್ದು, ರೂಪ, ಅಂದ ಎಂಬ ಅರ್ಥಗಳಿವೆ. ಮಾಟವಾದ ಮೂಗು ಎನ್ನುವುದಿಲ್ಲವೆ? ಪೋರ್ಚುಗೀಸರ ‘ಫೆಯ್ತಿಸೊ’, ಅಂದರೆ ಮಾಟ, ಅದೂ ‘ಮಾಡು’ ಎಂಬ ಲ್ಯಾಟಿನ್ ಧಾತುವಿನದೇ.)

ಕವೆನ್, ಸ್ಯಾಬಟ್, ಎಸ್ಬಟ್ ಮೂರೂ ನ್ಯಾಯಾಲಯದ ಕಡತಗಳಿಂದ ಎದ್ದು ಬಂದವು. ‘ಕವೆನ್’ ಮೂಲತಃ ‘ಕಾನ್ವೆಂಟ್’ ಪದದ್ದೇ ಇನ್ನೊಂದು ರೂಪ: ಕೂಟ, ಸೇರಿಕೆ. 1662ರಲ್ಲಿ ಸ್ಕಾಟ್ಲೆಂಡಿನ ಆಲ್ಡರ್ನ್ ಊರಿನ ಇಸೊಬೆಲ್ ಗೌಡಿ ವಿಚಾರಣೆಯಲ್ಲಿ ತನ್ನ ಕೂಟದಲ್ಲಿ 13 ಮಂದಿ ಎಂದು ಹೇಳಿದ್ದು ದಾಖಲಾಗಿದೆ. ಈಜಿಪ್ಟ್ ತಜ್ಞೆ ಮಾರ್ಗರೆಟ್ ಮರ್ರೆ 1921ರಲ್ಲಿ ಇಂಥ ಹೇಳಿಕೆಗಳನ್ನು ನಿಜವೆಂದು ಹಿಡಿದು, ಯುರೋಪಿನಾದ್ಯಂತ 13 ಮಂದಿಯ ಕೂಟಗಳ ಪ್ರಾಚೀನ ಧರ್ಮವೊಂದಿತ್ತು ಎಂದು ವಾದಿಸಿದರು. ಭಯದಲ್ಲಿ ಹೊರಬಿದ್ದ ತಪ್ಪೊಪ್ಪಿಗೆಗಳನ್ನು ಸಾಕ್ಷ್ಯವಾಗಿ ಹಿಡಿದದ್ದೇ ಅಲ್ಲಿನ ದೋಷ. ಇತಿಹಾಸಕಾರರು ಆ ವಾದವನ್ನು ಪೂರ್ತಿ ಕೈಬಿಟ್ಟಿದ್ದಾರೆ. ಆದರೆ ಪದಗಳು ಉಳಿದವು. ಇಂದಿನ ಕವೆನ್‌ನಲ್ಲಿ ನಾಲ್ಕು ಮಂದಿಯೂ ಇರಬಹುದು, 13 ಎಂಬುದು ಹೆಚ್ಚೆಂದರೆ ಮೇಲಿನ ಮಿತಿ. ಕನ್ನಡದಲ್ಲಿ ಇದನ್ನು ‘ಕವನ್’ ಎಂದು ಬರೆದರೆ ಓದುಗರು ಕವನ ಎಂದೇ ಓದುತ್ತಾರೆ. ‘ಕವೆನ್’ ಎನ್ನಿ, ಇಲ್ಲವೇ ಮೊದಲ ಬಾರಿ ಹೇಳಿ ಆಮೇಲೆ ‘ಕೂಟ’ ಎನ್ನಿ.

‘ಸ್ಯಾಬಟ್’ ಹೀಬ್ರೂವಿನ ‘ಶಬ್ಬಾತ್’. ಯೆಹೂದ್ಯರ ವಿಶ್ರಾಂತಿ ದಿನದ ಹೆಸರನ್ನು ಮಧ್ಯಯುಗದ ವಿಚಾರಣಾಧಿಕಾರಿಗಳು ಕಲ್ಪಿತ ಮಾಟಗಾರರ ರಾತ್ರಿಕೂಟಕ್ಕೆ ಅಂಟಿಸಿದರು. ಒಂದೇ ಕಲ್ಲಿನಲ್ಲಿ ಇಬ್ಬರಿಗೆ ಹೊಡೆದರು. ಕನ್ನಡ ಬೈಬಲ್ಲಿನಲ್ಲಿ ‘ಸಬ್ಬತ್’ ಈಗಾಗಲೇ ಬೇರೂರಿರುವುದರಿಂದ ವಿಕ್ಕಾದ ಹಬ್ಬಕ್ಕೆ ಆ ಕಾಗುಣಿತ ಬೇಡ. ‘ಋತುಹಬ್ಬ’ ಎಂದರೆ ಅರ್ಥ ಪೂರ್ತಿ ಬರುತ್ತದೆ. ‘ಎಸ್ಬಟ್’ ಹಳೆಯ ಫ್ರೆಂಚಿನ ‘ಕುಣಿದಾಡು, ನಲಿ’ ಎಂಬ ಕ್ರಿಯಾಪದದ ಸಂತಾನ, ಅದನ್ನು ಬಳಕೆಗೆ ತಂದವರೂ ಮರ್ರೆಯವರೇ. ಈಗ ಅದು ಸಾಮಾನ್ಯವಾಗಿ ಹುಣ್ಣಿಮೆಯ ಕೂಟ. ವರ್ಷಕ್ಕೆ 12 ಅಥವಾ 13.

ಋತುಹಬ್ಬಗಳ ಹೆಸರುಗಳಲ್ಲಿ ಎಡವುವವರೇ ಹೆಚ್ಚು, ಆದ್ದರಿಂದ ಇಲ್ಲಿ ನಿಧಾನವಾಗಿ ನಡೆಯಬೇಕು. ಎಂಟು ಹಬ್ಬಗಳ ಚಕ್ರ ‘ವೀಲ್ ಆಫ್ ದಿ ಇಯರ್’ ಒಂದೇ ಜನಾಂಗದ ಪಂಚಾಂಗವಲ್ಲ. ನಾಲ್ಕು ಹಬ್ಬಗಳು ಐರಿಷ್ ಮೂಲದವು, ಉಳಿದ ನಾಲ್ಕು ಸೂರ್ಯ ದಿಕ್ಕು ತಿರುಗುವ ಅಯನದ ಮತ್ತು ಹಗಲಿರುಳು ಸಮವಾಗುವ ವಿಷುವದ ದಿನಗಳು. ಇವೆರಡನ್ನೂ ಸಮನಾಗಿ ಜೋಡಿಸಿ ಎಂಟರ ಚಕ್ರವಾಗಿ ಆಚರಿಸುವುದು ಗಾರ್ಡ್ನರ್ ಅವರ ಬಳಗದಲ್ಲಿ 1950ರ ದಶಕದ ಕೊನೆಗೆ ರೂಢಿಯಾಯಿತು.

ಐರಿಷ್ ನಾಲ್ಕು ನಿಜಕ್ಕೂ ಹಳೆಯವು. ಅಕ್ಟೋಬರ್ 31ರ ಸಂಜೆಯಿಂದ ನವೆಂಬರ್ 1ರವರೆಗಿನದು ಸೌವಿನ್. ಇಂಗ್ಲಿಷ್ ಅಕ್ಷರ ನೋಡಿ ‘ಸಂಹೈನ್’ ಎಂದು ಬರೆದ ಕನ್ನಡ ಲೇಖನಗಳುಂಟು. ಐರಿಷ್ ಬರಹದಲ್ಲಿ ‘ಎಂ’ ಪಕ್ಕದ ‘ಎಚ್’ ಅದನ್ನು ‘ವ’ಕಾರವಾಗಿಸುತ್ತದೆ. ‘ಬೇಸಿಗೆಯ ಕೊನೆ’ ಎಂಬುದು ಮಧ್ಯಯುಗದ ಐರಿಷರೇ ಕೊಟ್ಟ ವಿವರಣೆ. ಹೆಸರಿನ ಮೊದಲ ಭಾಗವಾದ, ಬೇಸಿಗೆ ಎಂಬರ್ಥದ ‘ಸಮ್’ ಮತ್ತು ವರ್ಷ ಎಂಬರ್ಥದ ಸಂಸ್ಕೃತದ ‘ಸಮಾ’ ಒಂದೇ ಬೇರಿನವು. ‘ಸೌವಿನ್ ಎಂಬ ಸಾವಿನ ದೇವತೆ’ ಎಂದು ಎಲ್ಲಾದರೂ ಕಂಡರೆ ಹೊಡೆದುಹಾಕಿ, ಅಂಥ ದೇವತೆ ಇಲ್ಲ. ಫೆಬ್ರುವರಿ 1ರ ಇಂಬೊಲ್ಕ್‌ಗೆ ‘ಹೊಟ್ಟೆಯೊಳಗೆ’ ಎಂಬ ಅರ್ಥವನ್ನು ಹಲವರು ಒಪ್ಪುತ್ತಾರೆ. ಸುಮಾರು 900ರ ಐರಿಷ್ ನಿಘಂಟೊಂದು ಆ ಹೆಸರನ್ನು ಕುರಿಹಾಲಿಗೆ ತಳಕು ಹಾಕಿದೆ. ಕುರಿಗಳು ಗಬ್ಬವಾಗಿ ಕೆಚ್ಚಲು ಇಳಿಯುವ ಕಾಲವೇ ಅದು. ಮೇ 1ರ ಬೆಲ್ಟೇನ್‌ನಲ್ಲಿ ಕೊನೆಯ ಭಾಗ ‘ಬೆಂಕಿ’. ಎರಡು ಬೆಂಕಿಗಳ ನಡುವೆ ದನಗಳನ್ನು ಹಾಯಿಸುತ್ತಿದ್ದರೆಂದು ಅದೇ ನಿಘಂಟು ಹೇಳುತ್ತದೆ. ಸಂಕ್ರಾಂತಿಯ ಸಂಜೆ ಕಿಚ್ಚು ಹಾಯಿಸುವುದನ್ನು ಕಂಡ ಮಂಡ್ಯ, ಮೈಸೂರು ಕಡೆಯವರಿಗೆ ಈ ಚಿತ್ರ ವಿವರಿಸಬೇಕಿಲ್ಲ. ಇದು ಹೋಲಿಕೆ ಮಾತ್ರ, ನಂಟು ಎಂದು ಬರೆಯಬೇಡಿ. ಆಗಸ್ಟ್ 1ರ ಲೂನಸಾ ‘ಲೂ’ ಎಂಬ ದೇವತೆಯ ಹೆಸರಿನ ಕೂಟ. ಅದೇ ದಿನದ ‘ಲ್ಯಾಮಸ್’ ಆಂಗ್ಲೋ-ಸ್ಯಾಕ್ಸನ್ ಕ್ರೈಸ್ತರ ಹಬ್ಬ, ಹೊಸ ಗೋಧಿಯ ರೊಟ್ಟಿಯ ಪೂಜೆ. ಎರಡನ್ನೂ ಒಂದೇ ಎಂದು ಬರೆಯುವ ರೂಢಿಯಿದೆ. ದಿನ ಒಂದೇ, ಮೂಲ ಬೇರೆ. ಸೌವಿನ್, ಬೆಲ್ಟೇನ್, ಲೂನಸಾ ಮೂರೂ ಇಂದಿಗೂ ಐರಿಷ್ ಭಾಷೆಯಲ್ಲಿ ನವೆಂಬರ್, ಮೇ, ಆಗಸ್ಟ್ ತಿಂಗಳ ಹೆಸರುಗಳು.

ಸೂರ್ಯನ ನಾಲ್ಕರಲ್ಲಿ ‘ಯೂಲ್’ ಜರ್ಮಾನಿಕ್ ಭಾಷೆಗಳ ಹಳೆಯ ಚಳಿಗಾಲದ ಹಬ್ಬ. 725ರಲ್ಲಿ ಬೀಡ್ ಎಂಬ ಇಂಗ್ಲಿಷ್ ಸನ್ಯಾಸಿ ಕಾಲಗಣನೆಯ ಗ್ರಂಥದಲ್ಲಿ ತಮ್ಮ ಜನರ ಹಳೆಯ ತಿಂಗಳ ಹೆಸರುಗಳನ್ನು ಬರೆದಿಟ್ಟರು: ಡಿಸೆಂಬರ್ ಮತ್ತು ಜನವರಿಗೆ ‘ಗ್ಯುಲಿ’, ಜೂನ್ ಮತ್ತು ಜುಲೈಗೆ ‘ಲಿಥ’, ಏಪ್ರಿಲ್‌ಗೆ ‘ಎಯೋಸ್ಟ್ರೆ’ ಎಂಬ ದೇವಿಯ ತಿಂಗಳು. ಆ ದೇವಿಯ ಬಗ್ಗೆ ಅವರು ಬರೆದದ್ದು ಅಷ್ಟೇ, ಮೊಲವೂ ಇಲ್ಲ ಮೊಟ್ಟೆಯೂ ಇಲ್ಲ. 1835ರಲ್ಲಿ ಯಾಕೋಬ್ ಗ್ರಿಮ್ ಅದರ ಜರ್ಮನ್ ರೂಪ ‘ಓಸ್ಟಾರ’ ಇದ್ದಿರಬೇಕೆಂದು ಊಹಿಸಿದರು. 1974ರಲ್ಲಿ ಅಮೆರಿಕದ ಏಡನ್ ಕೆಲಿ ಪೇಗನ್ ಪಂಚಾಂಗವೊಂದನ್ನು ಸಿದ್ಧಪಡಿಸುವಾಗ ವಸಂತ ವಿಷುವಕ್ಕೆ ಓಸ್ಟಾರ, ಬೇಸಿಗೆಯ ಅಯನಕ್ಕೆ ಲಿಥ ಎಂಬ ಹೆಸರು ಹಿಡಿದರು. ಶರತ್ಕಾಲದ ವಿಷುವಕ್ಕೆ ಹಳೆಯ ಹೆಸರೇ ಸಿಗಲಿಲ್ಲ, ವೇಲ್ಸ್ ಕಥೆಯೊಂದರಿಂದ ‘ಮಾಬನ್’ ತಂದರು: ಹುಟ್ಟಿದ ಮೂರು ರಾತ್ರಿಗೇ ತಾಯಿಯ ಮಗ್ಗುಲಿನಿಂದ ಕಾಣೆಯಾದ ಮಗು. ಗ್ರೀಕರ ಪರ್ಸೆಫೊನಿಯ ಅಪಹರಣದ ಕಥೆಗೆ ಹೋಲುತ್ತದೆಂಬುದು ಅವರ ಆಯ್ಕೆಗೆ ಕಾರಣ. ಮಾಬನ್ ಕಥೆಗೂ ಸೆಪ್ಟೆಂಬರಿಗೂ ಯಾವ ನಂಟೂ ಇಲ್ಲ. ‘ಪ್ರಾಚೀನ ಕೆಲ್ಟರ ಮಾಬನ್ ಹಬ್ಬ’ ಎಂಬ ಸಾಲು ನಿಮ್ಮ ಮೂಲದಲ್ಲಿದ್ದರೆ ಕೆಳಗೊಂದು ಅನುವಾದಕರ ಮಾತು ಸೇರಿಸುವುದು ನಿಮ್ಮ ಹಕ್ಕು. ಹೊಸ ಹೆಸರಾದ ಮಾತ್ರಕ್ಕೆ ಆ ದಿನ ದೀಪ ಹಚ್ಚುವವರ ಭಕ್ತಿ ಸುಳ್ಳಾಗುವುದಿಲ್ಲ, ಆದರೆ ಓದುಗರಿಗೆ ಇಸವಿ ಸರಿಯಾಗಿ ಸಿಗಬೇಕು.

ಯೂಲ್ ಅನ್ನು ‘ಮಕರ ಸಂಕ್ರಾಂತಿ’ ಎಂದು ತರುವುದು ಇನ್ನೊಂದು ತಪ್ಪು. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21–22ಕ್ಕೆ. ನಮ್ಮ ಪಂಚಾಂಗ ನಕ್ಷತ್ರಗಳನ್ನು ಆಧರಿಸಿದ ನಿರಯನ ಲೆಕ್ಕದ್ದಾದ್ದರಿಂದ, ಭೂಮಿಯ ಅಕ್ಷದ ನಿಧಾನ ತಿರುಗಾಟದಿಂದಾಗಿ ಸಂಕ್ರಾಂತಿ ಜನವರಿ 14–15ಕ್ಕೆ ಸರಿದಿದೆ. ‘ಚಳಿಗಾಲದ ಅಯನದಿನ’ ಎನ್ನಿ. ವಸಂತ, ಶರತ್ತಿನ ದಿನಗಳಿಗೆ ‘ವಿಷುವದಿನ’.

ಈಗ ಭಾರತದ ನಂಟಿನ ಪದಗಳು. ‘ಸ್ಕೈಕ್ಲಾಡ್’ ಎಂದರೆ ಬಟ್ಟೆಯಿಲ್ಲದೆ ಆಚರಣೆ ಮಾಡುವುದು. ಇದು ಹಳೆಯ ಯುರೋಪಿನ ಪದವಲ್ಲ, ‘ದಿಗಂಬರ’ದ ಇಂಗ್ಲಿಷ್ ಅನುವಾದ. ಜೈನಧರ್ಮದ ಬಗ್ಗೆ ಬರೆದ ಇಂಗ್ಲಿಷರು ಮಾಡಿದ ಪದ ಗಾರ್ಡ್ನರ್ ಅವರ ವಲಯಕ್ಕೆ ಸೇರಿತು. ಅನುವಾದವೂ ಸ್ವಲ್ಪ ಜಾರಿದೆ. ದಿಕ್ + ಅಂಬರ, ದಿಕ್ಕುಗಳನ್ನೇ ಬಟ್ಟೆಯಾಗಿ ಉಟ್ಟವನು. ಅಂಬರಕ್ಕೆ ಬಟ್ಟೆ, ಆಕಾಶ ಎರಡೂ ಅರ್ಥಗಳಿರುವುದರಿಂದ ಇಂಗ್ಲಿಷಿಗೆ ಆಕಾಶ ನುಸುಳಿತು. ಹಾಗೆಂದು ಕನ್ನಡದಲ್ಲಿ ಸಲೀಸಾಗಿ ‘ದಿಗಂಬರರಾಗಿ’ ಎಂದು ಬರೆಯಬೇಡಿ. ಶ್ರವಣಬೆಳಗೊಳದ ಸುಮಾರು 58 ಅಡಿಯ ಗೊಮ್ಮಟನ ಮುಂದೆ ನಿಂತು ಬಂದ ಓದುಗರಿಗೆ ಆ ಪದ ಅಪರಿಗ್ರಹದ, ಎಲ್ಲವನ್ನೂ ಬಿಟ್ಟ ಮುನಿಯ ಪದ. ವಿಕ್ಕಾದಲ್ಲಿ ಬಟ್ಟೆ ಕಳಚುವುದು ತ್ಯಾಗಕ್ಕಲ್ಲ. ಮೇಲು ಕೀಳಿನ ಗುರುತು ಅಳಿಸಲಿ, ದೇಹದ ಶಕ್ತಿಗೆ ತಡೆಯಿಲ್ಲದಿರಲಿ ಎಂದು. ‘ನಗ್ನರಾಗಿ’ ಎಂದು ತಂದು, ಪದದ ಹುಟ್ಟನ್ನು ಅಡಿಟಿಪ್ಪಣಿಯಲ್ಲಿ ಹೇಳಿ. ನಿಲುವಂಗಿ ತೊಟ್ಟೇ ಆಚರಿಸುವ ಕೂಟಗಳೂ ಬೇಕಾದಷ್ಟಿವೆ ಎಂಬುದನ್ನೂ ಸೇರಿಸಿ.

‘ಡಿಯೋಸಿಲ್’ ಇದಕ್ಕೆ ತಿರುವು. ಅದು ಸಾಲವಲ್ಲ, ದೂರದ ಸೋದರ. ಸ್ಕಾಟಿಷ್ ಗೇಲಿಕ್‌ನ ‘ಜೆಶಲ್’ ಎಂಬಂತೆ ಕೇಳುವ ಪದ ಇದು: ಸೂರ್ಯ ನಡೆವ ದಿಕ್ಕಿಗೆ, ಬಲಕ್ಕೆ ಸುತ್ತುವುದು. ಇದರ ‘ಡೆಸ್’ ಮತ್ತು ಸಂಸ್ಕೃತದ ‘ದಕ್ಷಿಣ’ ಒಂದೇ ತಾಯಿಬೇರಿನವು. ಎರಡೂ ಕಡೆ ಆ ಪದಕ್ಕೆ ‘ಬಲ’ ಎಂದೂ ‘ತೆಂಕಣ’ ಎಂದೂ ಅರ್ಥ, ಏಕೆಂದರೆ ಎರಡೂ ಜನ ಮೂಡಣಕ್ಕೆ ಮುಖಮಾಡಿ ದಿಕ್ಕು ಎಣಿಸಿದರು. ಆದ್ದರಿಂದ ಡಿಯೋಸಿಲ್‌ಗೆ ‘ಪ್ರದಕ್ಷಿಣೆ’ ನಿಸ್ಸಂಕೋಚವಾಗಿ ಬಳಸಿ. ‘ಬಲಗೊಂಡು ಬಂದರು’ ಎಂದರೆ ಇನ್ನೂ ಚೆಂದ. ಇದರ ಎದುರು ‘ವಿಡರ್‌ಶಿನ್ಸ್’ ಹಳೆಯ ಜರ್ಮನ್ ಬೇರಿನದು, ದಾರಿಗೆ ವಿರುದ್ಧ ಎಂದು ಅರ್ಥ: ‘ಅಪ್ರದಕ್ಷಿಣೆ’. ಇಲ್ಲೊಂದು ಪೇಚಿದೆ. ಆಸ್ಟ್ರೇಲಿಯಾದಲ್ಲಿ ಸೂರ್ಯ ಮೂಡಣದಿಂದ ಬಡಗಣಕ್ಕೆ ಬಾಗಿ ಪಡುವಣಕ್ಕೆ ಹೋಗುತ್ತಾನೆ, ಅಂದರೆ ಗಡಿಯಾರದ ಮುಳ್ಳಿಗೆ ಎದುರಾಗಿ. ಅಲ್ಲಿನ ಹಲವು ಪೇಗನ್ನರು ಹಾಗೆಯೇ ಸುತ್ತಿ ಅದನ್ನೇ ಡಿಯೋಸಿಲ್ ಎನ್ನುತ್ತಾರೆ, ಸೌವಿನ್ ಅನ್ನು ಏಪ್ರಿಲ್ ಕೊನೆಗೆ ಆಚರಿಸುತ್ತಾರೆ. ಬರಹ ಸಿಡ್ನಿಯ ಕೂಟದ್ದಾದರೆ ‘ಬಲಕ್ಕೆ’ ಎಂದು ಬರೆದು ಕೆಡಿಸಬೇಡಿ, ‘ಸೂರ್ಯನ ಹಾದಿಯಲ್ಲಿ’ ಎನ್ನಿ.

ಥಿಯಾಸಫಿಕಲ್ ಸೊಸೈಟಿ 1875ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ 1882ರಲ್ಲಿ ಮದರಾಸಿನ ಅಡ್ಯಾರಿಗೆ ನೆಲೆ ಬದಲಿಸಿತು. ಕರ್ಮ, ಚಕ್ರ, ಆಕಾಶ ಮುಂತಾದವು ಪಶ್ಚಿಮದ ಗೂಢವಿದ್ಯೆಯ ವಲಯಗಳಲ್ಲಿ ಹರಡಿದ್ದು ಹೆಚ್ಚಾಗಿ ಅದರ ಬರಹಗಳ ಮೂಲಕ. ಅಲ್ಲಿ ‘ಆಕಾಶ’ ಎಂದರೆ ನೆಲ, ನೀರು, ಗಾಳಿ, ಬೆಂಕಿಗಳನ್ನು ಹಿಡಿದಿಡುವ ಐದನೆಯ ಚೇತನತತ್ತ್ವ. ಕನ್ನಡದಲ್ಲಿ ಬರಿದೇ ಆಕಾಶ ಎಂದರೆ ಓದುಗರು ತಲೆ ಎತ್ತಿ ಮೋಡ ನೋಡುತ್ತಾರೆ, ‘ಆಕಾಶತತ್ತ್ವ’ ಎನ್ನಿ. ‘ಲೆಫ್ಟ್ ಹ್ಯಾಂಡ್ ಪಾತ್’ ತಂತ್ರಶಾಸ್ತ್ರದ ವಾಮಾಚಾರದ ಅನುವಾದ. ಆದರೆ ನಮ್ಮ ಟಿವಿ ಸುದ್ದಿಯಲ್ಲಿ ‘ವಾಮಾಚಾರ’ ಎಂದರೆ ದಾರಿಯಲ್ಲಿಟ್ಟ ನಿಂಬೆಹಣ್ಣು, ಕುಂಕುಮ. ಶಾಸ್ತ್ರದ ಪದ ಅಲ್ಲಿಗೆ ಹೋಗಿ ಅರ್ಥ ಬದಲಿಸಿತು, ಇಲ್ಲೇ ಉಳಿದು ಇನ್ನೊಂದು ಬಗೆಯಲ್ಲಿ ಬದಲಾಯಿತು. ‘ಎಡಪಥ’ ಎಂಬ ಹೊಸ ಪದವೇ ವಾಸಿ.

‘ಬುಕ್ ಆಫ್ ಶ್ಯಾಡೋಸ್’ ವಿಕ್ಕನ್ನರ ಕೈಬರಹದ ಆಚರಣಾ ಪುಸ್ತಕ. ದೀಕ್ಷೆ ಪಡೆದವರು ಗುರುವಿನ ಪ್ರತಿ ನೋಡಿ ತಾವೇ ನಕಲು ಮಾಡಿಕೊಳ್ಳುವುದು ಹಳೆಯ ಪದ್ಧತಿ. ಈ ಹೆಸರಿನ ಮೂಲವನ್ನು ಗುರುತಿಸಿದವರು ಗಾರ್ಡ್ನರ್ ಬಳಗದ ಡೊರೀನ್ ವ್ಯಾಲಿಯೆಂಟಿ (1922–1999). 1949ರಲ್ಲಿ ಲಂಡನ್ನಿನ ‘ಆಕಲ್ಟ್ ಅಬ್ಸರ್ವರ್’ ಪತ್ರಿಕೆಯಲ್ಲಿ ಮೀರ್ ಬಶೀರ್ ಎಂಬ ಹಸ್ತಸಾಮುದ್ರಿಕರ ಲೇಖನ ಇದೇ ತಲೆಬರಹದಲ್ಲಿ ಬಂದಿತ್ತು, ಮನುಷ್ಯನ ನೆರಳು ಅಳೆದು ಭವಿಷ್ಯ ಹೇಳುವ ಸಂಸ್ಕೃತ ಗ್ರಂಥವೊಂದರ ಬಗ್ಗೆ. ಗಾರ್ಡ್ನರ್ ಅವರ ಕಾದಂಬರಿಯ ಜಾಹೀರಾತೂ ಅದೇ ಸಂಚಿಕೆಯಲ್ಲಿತ್ತು. ಅಲ್ಲಿಂದಲೇ ಹೆಸರು ಸಿಕ್ಕಿತೆಂಬುದು ವ್ಯಾಲಿಯೆಂಟಿಯವರ ಅಭಿಪ್ರಾಯ. ಕನ್ನಡಕ್ಕೆ ‘ನೆರಳಿನ ಪುಸ್ತಕ’ ಒಪ್ಪುತ್ತದೆ. ‘ಛಾಯಾಗ್ರಂಥ’ ಎಂದರೆ ಫೋಟೋ ಆಲ್ಬಮ್ ನೆನಪಾಗುತ್ತದೆ.

‘ಅಥಾಮೆ’ ಎಂದರೆ ಕಪ್ಪು ಹಿಡಿಯ ಆಚರಣೆಯ ಚೂರಿ. ಸೊಲೊಮೋನನ ಹೆಸರಿನಲ್ಲಿ ಓಡಾಡುವ ಮಂತ್ರವಿದ್ಯೆಯ ಹಸ್ತಪ್ರತಿಗಳಲ್ಲಿ ‘ಆರ್ತಾವುಸ್’ ಎಂಬ ಲ್ಯಾಟಿನ್ ಪದವಿದೆ, ಲೇಖನಿ ಚೂಪು ಮಾಡುವ ಸಣ್ಣ ಚಾಕು. ನಕಲುಗಾರರ ಕೈಯಲ್ಲಿ ಸವೆದು ಫ್ರೆಂಚಿನಲ್ಲಿ ‘ಆರ್ತಾಮ್’ ಆಗಿ, ಕೊನೆಗೆ ಹೀಗಾಯಿತು. ಇದರಿಂದ ಏನನ್ನೂ ಕೊಯ್ಯುವುದಿಲ್ಲ, ವೃತ್ತ ಬರೆಯಲು ಗಾಳಿಯಲ್ಲಿ ಆಡಿಸುತ್ತಾರೆ. ಗಿಡಮೂಲಿಕೆ ಕತ್ತರಿಸಲು ಬಿಳಿ ಹಿಡಿಯ ಬೇರೆ ಚೂರಿ. ‘ಬಲಿಗತ್ತಿ’ ಎಂದು ತಂದ ಅನುವಾದ ಅಥಾಮೆಯ ಕೆಲಸವನ್ನೇ ತಲೆಕೆಳಗು ಮಾಡುತ್ತದೆ.

ಬಲಿಯ ಮಾತು ಬಂದಾಗ ‘ಬ್ಲೋತ್’ ನೆನೆಯಬೇಕು. ಐಸ್‌ಲ್ಯಾಂಡಿನಲ್ಲಿ 1972ರಲ್ಲಿ ಸ್ಥಾಪನೆಯಾಗಿ 1973ರಲ್ಲಿ ಸರ್ಕಾರದ ಮಾನ್ಯತೆ ಪಡೆದ ‘ಆಸಾತ್ರು’ ಸಂಘ (ಆಸ್ ಎಂಬ ದೇವಗಣ, ತ್ರು ಎಂದರೆ ನಂಬಿಕೆ, ಈ ಜೋಡುಪದ 19ನೆಯ ಶತಮಾನದ್ದು) ತನ್ನ ಕೂಟಗಳನ್ನು ಬ್ಲೋತ್ ಎನ್ನುತ್ತದೆ. ಹಳೆಯ ನಾರ್ಸ್‌ನಲ್ಲಿ ಪ್ರಾಣಿಬಲಿ ಇತ್ತು, ನಿಜ. ಆದರೆ ಆ ಕ್ರಿಯಾಪದದ ಅರ್ಥ ಅರ್ಪಿಸಿ ಪೂಜಿಸು ಎಂದು. ಇಂದು ಕೊಂಬಿನಲ್ಲಿ ತುಂಬಿದ ಪಾನೀಯವನ್ನು ನೆಲಕ್ಕೆ ಎರೆಯುತ್ತಾರೆ, ಊಟ ಹಂಚಿಕೊಳ್ಳುತ್ತಾರೆ. ಕರಾವಳಿಯ ದೇವಸ್ಥಾನಗಳ ಉತ್ಸವಬಲಿಯಲ್ಲಿ ಬಲಿಕಲ್ಲಿಗೆ ಅನ್ನ ಹಾಕುವುದನ್ನು ಬಲ್ಲ ಓದುಗರಿಗೆ ‘ಬಲಿ’ ಎಂದರೂ ತಪ್ಪು ತಿಳಿವಳಿಕೆಯಾಗದು, ಉಳಿದವರಿಗೆ ಆಗುತ್ತದೆ. ‘ಅರ್ಪಣೆ’ ಸಾಕು.

ಪ್ರಾಚೀನ ಕೆಲ್ಟ್ ಜನರ ಪುರೋಹಿತರ ಹೆಸರಾದ ‘ಡ್ರುಯಿಡ್’ ಪದ ಕ್ರಿ.ಪೂ. 1ನೆಯ ಶತಮಾನದಲ್ಲಿ ಸೀಸರನ ಬರಹದಲ್ಲಿದೆ. ಮೊದಲ ಭಾಗ ನಮ್ಮ ‘ದ್ರುಮ, ದಾರು’ಗಳ ನೆಂಟ, ಎರಡನೆಯದು ‘ವಿದ್’, ವೇದ ವಿದ್ಯೆಗಳ ಬೇರು: ಮರವನ್ನು ಅರಿತವನು, ಅಥವಾ ಗಟ್ಟಿಯಾಗಿ ಅರಿತವನು. ಇಂದಿನ ಡ್ರುಯಿಡರ ಅನೇಕ ವಿಧಿಗಳು ಮಾತ್ರ 1792ರಲ್ಲಿ ಲಂಡನ್ನಿನ ಪ್ರಿಮ್‌ರೋಸ್ ದಿಬ್ಬದ ಮೇಲೆ ಸಭೆ ಸೇರಿಸಿದ ವೇಲ್ಸ್ ಕವಿ ಯೋಲೊ ಮೊರ್ಗಾನುಗ್ ಅವರ ಕಲ್ಪನೆಯಿಂದ ಹೊರಟವು.

ಉಳಿದ ಎರಡು ಸಣ್ಣ ಬಲೆಗಳನ್ನು ಹೇಳಲೇಬೇಕು. ವಿಕ್ಕಾದ ಹಿತನುಡಿ ‘ರೀಡ್’ ಹಳೆಯ ಇಂಗ್ಲಿಷಿನ ‘ಸಲಹೆ’, ಆಜ್ಞೆಯಲ್ಲ. ಅದರ ಮೊದಲ ಪದ ‘ಆ್ಯನ್’ ಅನ್ನು ‘ಮತ್ತು’ ಎಂದು ಓದಿ ಅನುವಾದ ಕೆಡಿಸಿದವರುಂಟು. ಅದು ‘ಎಂದಾದರೆ’ ಎಂಬ ಷರತ್ತು: ಯಾರಿಗೂ ಕೇಡಾಗದು ಎಂದಾದರೆ ನಿನ್ನ ಇಷ್ಟದಂತೆ ನಡೆ. ಇಡೀ ನೀತಿ ಆ ಒಂದು ಷರತ್ತಿನ ಮೇಲೆ ನಿಂತಿದೆ. ಇನ್ನು ಪ್ರಾರ್ಥನೆಯ ಕೊನೆಗೆ ಬರುವ ‘ಸೋ ಮೋಟ್ ಇಟ್ ಬಿ’ ಕಲ್ಲುಕುಟಿಗರ ಸಂಘದ, ಅಂದರೆ ಫ್ರೀಮೇಸನ್ನರ ಮಾತು. ಸುಮಾರು 1400ರ ಅವರ ಪದ್ಯರೂಪದ ಹಸ್ತಪ್ರತಿಯೊಂದರ ಕೊನೆಯ ಸಾಲುಗಳಲ್ಲಿ ಈ ಮಾತಿದೆ. ವಿಕ್ಕಾದ ಮೂರು ಹಂತದ ದೀಕ್ಷೆ, ತಮ್ಮ ಪಂಥವನ್ನು ‘ಕ್ರಾಫ್ಟ್’ ಎನ್ನುವ ವಾಡಿಕೆ ಎರಡೂ ಅಲ್ಲಿಂದಲೇ. ‘ತಥಾಸ್ತು’ ಎಂದು ತರಬೇಡಿ. ತಥಾಸ್ತು ವರ ಕೊಡುವವರ ಮಾತು. ಇದು ಬೇಡುವವರು ಒಟ್ಟಾಗಿ ಹೇಳುವುದು. ‘ಹಾಗೆಯೇ ಆಗಲಿ’ ಎನ್ನಿ.

ಕೆಲಸಕ್ಕೆ ಕೂರುವಾಗ ಹೀಗೆ ಮಾಡಿ. ಮೊದಲು ಇಡೀ ಬರಹ ಓದಿ ಪದಗಳ ಪಟ್ಟಿ ಮಾಡಿಕೊಳ್ಳಿ, ಪ್ರತಿಯೊಂದರ ಎದುರು ಮಾತನಾಡುವವರು ಯಾರು ಎಂದು ಗುರುತು ಹಾಕಿ. ಆರೋಪಿಸುವವರ ಪದಕ್ಕೆ ಕನ್ನಡದ್ದೇ ಒರಟು ಪದ ಕೊಡಿ, ಆಚರಿಸುವವರ ಪದವನ್ನು ಉಚ್ಚಾರದಂತೆ ಉಳಿಸಿ. ಮೊದಲ ಬಾರಿ ಬಂದಾಗ ವಾಕ್ಯದೊಳಗೇ ಅರ್ಥ ಬಿಡಿಸಿ, ಎರಡನೆಯ ಬಾರಿಯಿಂದ ಬರಿಯ ಪದ ಸಾಕು. ಮಾದರಿಗೆ: ‘ಚಳಿಗಾಲ ಕಾಲಿಡುವ ಸೌವಿನ್ ಹಬ್ಬದ ರಾತ್ರಿ ಆ ಕವೆನ್, ಎಂಟು ಜನರ ಕೂಟ, ಬೆಂಕಿಯ ಸುತ್ತ ಮೂರು ಸಲ ಬಲಗೊಂಡು ಬಂತು. ಹಿರಿಯ ವಿಚ್ ಕಪ್ಪು ಹಿಡಿಯ ಅಥಾಮೆಯಿಂದ ಗಾಳಿಯಲ್ಲಿ ವೃತ್ತ ಬರೆದರು. ಎಲ್ಲರೂ ಹಾಗೆಯೇ ಆಗಲಿ ಎಂದರು.’